ಪಡುವಣ ಬಿಸಿಲಿನ ಹಿತ್ತಲಿಗೆ ತೂಗುಕುಂಡದ ಗಿಡಗಳು: ಪುಣೆಯ ಒಂದು ಮನೆಯ ಪ್ರಕರಣ

ಪುಣೆಯ ಕೋಥ್ರೂಡಿನಲ್ಲಿ, ಹಳೆಯ ಹೌಸಿಂಗ್ ಸೊಸೈಟಿಯೊಂದರ ನೆಲಮಹಡಿಯಲ್ಲಿ ಧಾರವಾಡ ಮೂಲದ ಕುಟುಂಬವೊಂದು ವಾಸವಾಗಿದೆ. ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು ಮತ್ತು ಒಂದು ಬೆಕ್ಕು. ನೆಲಮಹಡಿಯ ಮನೆಯಾದ್ದರಿಂದ ಹಿಂಬಾಗಿಲಿನಾಚೆ ಸುಮಾರು ಹದಿನೆಂಟು ಅಡಿ ಉದ್ದ, ಹತ್ತು ಅಡಿ ಅಗಲದ ಹಿತ್ತಲು ಇವರ ಪಾಲಿಗೆ ಬಂದಿದೆ. ನೆಲಕ್ಕೆಲ್ಲ ಶಹಾಬಾದ್ ಫರಸಿ ಹಾಸಿರುವುದರಿಂದ ಮಣ್ಣಿನಲ್ಲಿ ಏನನ್ನೂ ನೆಡುವಂತಿಲ್ಲ. ಮಗು ಓಡಾಡುವ ಜಾಗವೆಂದು ನೆಲದ ಮೇಲೆ ಕುಂಡಗಳನ್ನು ಸಾಲಾಗಿ ಇಡಲೂ ಮನಸ್ಸಿರಲಿಲ್ಲ. ಹೀಗಾಗಿ ಹಸಿರು ಬೇಕೆಂದರೆ ಮೇಲೆ ತೂಗುಹಾಕುವುದೊಂದೇ ದಾರಿಯಾಗಿತ್ತು.

ಅವರು ಆ ದಾರಿಯನ್ನು ಹಿಡಿದೂ ಇದ್ದರು. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದ ಉತ್ಸಾಹದಲ್ಲಿ ಸೊಸೆ ಎಂಟು ತೂಗುಕುಂಡಗಳನ್ನು ತಂದಿದ್ದರು: ನಾಲ್ಕರಲ್ಲಿ ಬಣ್ಣಬಣ್ಣದ ಪೆಟೂನಿಯಾ, ಎರಡರಲ್ಲಿ ಬಾಸ್ಟನ್ ಫರ್ನ್, ಎರಡರಲ್ಲಿ ಮಣಿಸರದಂತೆ ಇಳಿಬೀಳುವ ಸ್ಟ್ರಿಂಗ್ ಆಫ್ ಪರ್ಲ್ಸ್. ಎಲ್ಲವೂ ತೆಂಗಿನ ನಾರಿನ ಹಾಸು ಹಾಕಿದ ತಂತಿ ಬುಟ್ಟಿಗಳು. ಹಿಂಬಾಗಿಲ ಮೇಲೆ ನಾಲ್ಕು ಅಡಿ ಚಾಚಿದ ತಗಡಿನ ಮಾಡಿನ ಅಂಚಿಗೆ ಸತುವಿನ ಲೇಪದ ಒಂದು ಕಬ್ಬಿಣದ (ಜಿಐ) ಪೈಪ್ ಇದೆ. ಅದಕ್ಕೇ ಎಂಟನ್ನೂ ಸಾಲಾಗಿ ಕಟ್ಟಿದರು. ಫೆಬ್ರವರಿ ಮುಗಿಯುವವರೆಗೆ ಹಿತ್ತಲು ಕಣ್ಣು ತುಂಬುವಂತಿತ್ತು. ಏಪ್ರಿಲ್ ನಡುವಿಗೆ ಪೆಟೂನಿಯಾ ಒಣಗಿ ಕಡ್ಡಿಯಾಯಿತು, ಫರ್ನ್‌ನ ಎಲೆಗಳು ಮುಟ್ಟಿದರೆ ಪುಡಿಯಾಗುವಷ್ಟು ಕಂದಿದವು. ಬೇಸಿಗೆಯನ್ನು ಹೇಗೋ ದಾಟಿದ ಮಣಿಸರ ಜುಲೈ ಮಳೆಯಲ್ಲಿ ಬುಡದಿಂದಲೇ ಕೊಳೆಯಿತು. ಅದೇ ತಿಂಗಳು ನೀರು ಕುಡಿದ ಕುಂಡಗಳ ಭಾರಕ್ಕೆ ಪೈಪ್ ನಡುವೆ ಬಾಗಿತು.

ಗಿಡಗಳ ಬಗ್ಗೆ ಸಲಹೆ ಕೊಡಲು ನಾನು ಆ ಮನೆಗೆ ಹೋದದ್ದು ಇದೆಲ್ಲ ಆದ ಮೇಲೆ. ಸೊಸೆ ತಮ್ಮ ಕೈಗುಣವೇ ಸರಿಯಿಲ್ಲವೆಂದು ನಂಬಿಬಿಟ್ಟಿದ್ದರು. ಅತ್ತೆಯವರು ಒಪ್ಪಲಿಲ್ಲ. "ಗಿಡಕ್ಕ ಕೈಗುಣ ಏನ್ ಮಾಡತೈತ್ರಿ, ಜಾಗಾ ನೋಡಿ ಹಚ್ಚಬೇಕ್ರಿ" ಎಂದರು. ನನ್ನ ಅಭಿಪ್ರಾಯವೂ ಅದೇ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣ, ಅಲ್ಲಿ ಸತ್ತ ಗಿಡಗಳಲ್ಲಿ ಒಂದಾದರೂ ಆರೈಕೆಯ ಕೊರತೆಯಿಂದ ಸತ್ತಿರಲಿಲ್ಲ. ಜನವರಿಯ ಹಿತ್ತಲನ್ನು ನೋಡಿ ಆರಿಸಿದ ಗಿಡಗಳು ಮೇ ತಿಂಗಳ ಹಿತ್ತಲಿನಲ್ಲಿ ಮತ್ತು ಜುಲೈ ತಿಂಗಳ ಹಿತ್ತಲಿನಲ್ಲಿ ಬದುಕಬೇಕಾಗಿ ಬಂದದ್ದೇ ಅವುಗಳ ಸಾವಿಗೆ ಕಾರಣ.

ಬಿಸಿಲು ಜಾಗ ಬದಲಿಸುವ ಪರಿ

ಈ ಹಿತ್ತಲು ಪಶ್ಚಿಮಕ್ಕೆ ತೆರೆದುಕೊಂಡಿದೆ. ಪೂರ್ವದಲ್ಲಿ ಅವರದೇ ಕಟ್ಟಡ ಇರುವುದರಿಂದ ಮಧ್ಯಾಹ್ನದವರೆಗೆ ನೆರಳು, ಆಮೇಲೆ ಬಿಸಿಲು. ಇಷ್ಟನ್ನು ಮನೆಯವರೂ ಗಮನಿಸಿದ್ದರು. ಅವರ ಗಮನಕ್ಕೆ ಬಾರದಿದ್ದದ್ದು ನೈಋತ್ಯದಲ್ಲಿರುವ ಪಕ್ಕದ ಸೊಸೈಟಿಯ ನಾಲ್ಕು ಮಹಡಿಯ ಕಟ್ಟಡ. ಪುಣೆ ಇರುವುದು ಸುಮಾರು ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಮುಳುಗುತ್ತಾನೆ, ಜೂನ್‌ನಲ್ಲಿ ಅಷ್ಟೇ ಡಿಗ್ರಿ ಉತ್ತರಕ್ಕೆ ಮುಳುಗುತ್ತಾನೆ. ಚಳಿಗಾಲದ ಇಳಿಹೊತ್ತಿನ ಬಿಸಿಲೆಲ್ಲ ಆ ಕಟ್ಟಡದ ಬೆನ್ನಿಗೆ ಬಿದ್ದು, ಈ ಹಿತ್ತಲಿಗೆ ಮಧ್ಯಾಹ್ನದ ಒಂದೆರಡು ಗಂಟೆಯ ಹಿತವಾದ ಬಿಸಿಲು ಮಾತ್ರ ಸಿಗುತ್ತಿತ್ತು. ಮಾರ್ಚ್ ಕಳೆಯುತ್ತಿದ್ದಂತೆ ಸೂರ್ಯ ಉತ್ತರಕ್ಕೆ ಸರಿದು ಕಟ್ಟಡದ ಮರೆಯಿಂದ ಹೊರಬರುತ್ತಾನೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನ ಒಂದರಿಂದ ಆರರವರೆಗೆ ಆ ತಗಡಿನ ಅಂಚಿಗೆ ಎದುರಾಗಿ ತಡೆಯೇ ಇಲ್ಲದ ಬಿಸಿಲು. ಐದು ಅಡಿಯ ಕಾಂಪೌಂಡ್ ಗೋಡೆ ನೆಲಕ್ಕೆ ತುಸು ನೆರಳು ಕೊಡುತ್ತದೆಯೇ ಹೊರತು ಆರು ಅಡಿ ಎತ್ತರದಲ್ಲಿ ತೂಗುವ ಕುಂಡಕ್ಕೆ ಅದರಿಂದ ಪ್ರಯೋಜನವಿಲ್ಲ.

ಅಂದರೆ ಒಂದೇ ಪೈಪ್, ಒಂದೇ ಕೊಕ್ಕೆ, ವರ್ಷದಲ್ಲಿ ಎರಡು ಬೇರೆ ಬೇರೆ ಜಾಗಗಳಂತೆ ವರ್ತಿಸುತ್ತದೆ. ಗಿಡ ಕೊಳ್ಳುವಾಗ ನರ್ಸರಿಯವರು ಸಹಜವಾಗಿ ಕೇಳುವ ಪ್ರಶ್ನೆ, ನಿಮ್ಮಲ್ಲಿ ಬಿಸಿಲು ಎಷ್ಟು ಹೊತ್ತು ಬರುತ್ತದೆ ಎಂಬುದು. ಜನವರಿಯಲ್ಲಿ ಅದಕ್ಕೆ ಎರಡು ಗಂಟೆ ಎಂದು ಉತ್ತರ ಕೊಟ್ಟರೆ ಅದು ಆ ದಿನದ ಮಟ್ಟಿಗೆ ಸತ್ಯ, ಗಿಡದ ಆಯುಷ್ಯದ ಮಟ್ಟಿಗೆ ತಪ್ಪು.

ಬಿಸಿಲಿನ ಜೊತೆಗೆ ಗಾಳಿಯ ಒಣತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂಬೈಯಲ್ಲಾಗಲಿ ಗೋವೆಯಲ್ಲಾಗಲಿ ಕಡಲ ತೇವ ಬೇಸಿಗೆಯಲ್ಲೂ ಎಲೆಯನ್ನು ಕಾಯುತ್ತದೆ. ಅಲ್ಲಿನ ಬಾಲ್ಕನಿಗಳಲ್ಲಿ ಫರ್ನ್‌ಗಳು ವರ್ಷವಿಡೀ ಸೊಂಪಾಗಿರುವುದನ್ನು ನೋಡಿ ಪುಣೆಯವರು ಆಸೆಪಡುತ್ತಾರೆ. ಪುಣೆ ಸಹ್ಯಾದ್ರಿಯ ಮಳೆನೆರಳಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ತಾಪಮಾನ 38 ಡಿಗ್ರಿಯ ಆಸುಪಾಸಿನಲ್ಲಿದ್ದು ಕೆಲವು ದಿನ 40 ದಾಟುತ್ತದೆ, ಗಾಳಿಯ ತೇವಾಂಶ ಎಷ್ಟೋ ಸಲ ಶೇಕಡಾ 20ರ ಹತ್ತಿರಕ್ಕೆ ಇಳಿಯುತ್ತದೆ. ನೆಲದ ಕುಂಡಕ್ಕೆ ಗಾಳಿ ತಗಲುವುದು ಒಂದೆರಡು ಕಡೆಯಿಂದ. ತೂಗುಕುಂಡಕ್ಕೆ ತಳವೂ ಸೇರಿ ಎಲ್ಲ ಕಡೆಯಿಂದ ತಗಲುತ್ತದೆ. ಅದರಲ್ಲೂ ನಾರಿನ ಹಾಸಿನ ಬುಟ್ಟಿಯ ಮೈಯೆಲ್ಲ ಒದ್ದೆಬಟ್ಟೆಯಂತೆ ಆರುತ್ತದೆ. ಮೇಲಾಗಿ ಈ ಮನೆಯಲ್ಲಿ ಕುಂಡಗಳು ತಗಡಿನಿಂದ ಒಂದು ಅಡಿ ಕೆಳಗೆ ಮಾತ್ರ ತೂಗುತ್ತಿದ್ದವು. ಮಧ್ಯಾಹ್ನ ಮೂರು ಗಂಟೆಗೆ ತಗಡಿನ ಕೆಳಗೆ ಕೈ ಚಾಚಿದರೆ ಕಾದ ಹೆಂಚಿನ ಮೇಲೆ ಕೈ ಹಿಡಿದ ಹಾಗೆ ಝಳ ಹೊಡೆಯುತ್ತಿತ್ತು.

ಮಳೆಗಾಲದ ಸಮಸ್ಯೆ ಬೇರೆ. ಪುಣೆಯಲ್ಲಿ ವರ್ಷಕ್ಕೆ ಬೀಳುವುದು 700 ಮಿಲಿಮೀಟರ್‌ಗಿಂತ ತುಸು ಹೆಚ್ಚಿನ ಮಳೆ, ಮುಂಬೈಗೆ ಹೋಲಿಸಿದರೆ ಮೂರನೆಯ ಒಂದು ಪಾಲು. ಆದರೆ ಜುಲೈ ಮತ್ತು ಆಗಸ್ಟ್‌ನಲ್ಲಿ ಅದು ಜಿಟಿಜಿಟಿಯಾಗಿ ದಿನಗಟ್ಟಲೆ ಹಿಡಿಯುತ್ತದೆ, ಮೋಡ ಕವಿದು ಬಿಸಿಲೇ ಕಾಣುವುದಿಲ್ಲ. ದಕ್ಷಿಣ ಆಫ್ರಿಕಾದ ಒಣ ಪ್ರದೇಶದ ಗಿಡವಾದ ಸ್ಟ್ರಿಂಗ್ ಆಫ್ ಪರ್ಲ್ಸ್ ತನ್ನ ಗುಂಡು ಎಲೆಗಳಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಅದರ ಬೇರಿಗೆ ಹಗಲಿರುಳು ಒದ್ದೆ ತಡೆಯುವುದಿಲ್ಲ. ತಗಡಿನ ಅಂಚಿನಿಂದ ಹನಿಯುವ ನೀರು ನೇರವಾಗಿ ಕುಂಡದೊಳಗೆ ಬೀಳುತ್ತಿದ್ದುದರಿಂದ ಅದು ಬದುಕುವ ಸಾಧ್ಯತೆಯೇ ಇರಲಿಲ್ಲ.

ಭಾರದ ಲೆಕ್ಕ

ಹತ್ತು ಇಂಚಿನ ಒಂದು ಬುಟ್ಟಿಯಲ್ಲಿ ಸುಮಾರು ಐದು ಲೀಟರ್ ಮಣ್ಣು ಹಿಡಿಯುತ್ತದೆ. ನರ್ಸರಿಗಳಲ್ಲಿ ಸಿಗುವ ಜಿಗಟು ಕೆಂಪುಮಣ್ಣು ಪೂರ್ತಿ ನೆನೆದಾಗ ಲೀಟರಿಗೆ ಒಂದೂವರೆ ಕಿಲೋಗಿಂತ ಹೆಚ್ಚು ತೂಗುತ್ತದೆ. ಆ ಲೆಕ್ಕದಲ್ಲಿ ಒಂದು ಬುಟ್ಟಿ ಎಂಟು ಕಿಲೋ ಆದರೆ ಎಂಟು ಬುಟ್ಟಿಗಳು ಅರವತ್ತು ಕಿಲೋ ದಾಟುತ್ತವೆ. ಇಷ್ಟು ಭಾರ ತಗಡು ಹೊರಲೆಂದು ಹಾಕಿದ ಸಪೂರ ಪೈಪಿನ ಮೇಲೆ, ಅದೂ ನಾಲ್ಕು ವರ್ಷದ ಮಗು ಕೆಳಗೆ ಆಡುವ ಜಾಗದಲ್ಲಿ. ಗಿಡದ ಮಾತಿಗೆ ಮುಂಚೆ ಇದನ್ನು ಸರಿಪಡಿಸಬೇಕೆಂದು ನಾನು ಪಟ್ಟು ಹಿಡಿದೆ. ಸೊಸೈಟಿಯ ಕಮಿಟಿಯ ಒಪ್ಪಿಗೆ ಪಡೆದು ಕಾಂಕ್ರೀಟ್ ತೊಲೆಗೆ ಆಂಕರ್ ಫಾಸ್ಟನರ್ ಹಾಕಿ ಐದು ಕೊಕ್ಕೆಗಳನ್ನು ಕೂಡಿಸಲಾಯಿತು. ಪೈಪ್ ಬದಲಿಸಿ ಅದರ ಮೇಲೆ ಮೂರಕ್ಕಿಂತ ಹೆಚ್ಚು ಕುಂಡ ತೂಗಬಾರದೆಂದು ತೀರ್ಮಾನಿಸಿದೆವು. ಪೇಟೆಯಲ್ಲಿ ಬುಟ್ಟಿಯ ಜೊತೆ ಬರುವ ಪ್ಲಾಸ್ಟಿಕ್ ಕೊಕ್ಕೆ ಪುಣೆಯ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪೆಡಸಾಗಿ ಸೀಳುತ್ತದೆ. ಅವನ್ನೆಲ್ಲ ಎಸೆದು ಕಬ್ಬಿಣದ ಸರಪಳಿ ಮತ್ತು ಎಸ್ ಹುಕ್ ಹಾಕಲಾಯಿತು.

ಭಾರ ಇಳಿಸಲು ಮಣ್ಣಿನ ಮಿಶ್ರಣವನ್ನೂ ಬದಲಿಸಿದೆವು: ನಾಲ್ಕು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರಡು ಪಾಲು ಎರೆಗೊಬ್ಬರ, ಎರಡು ಪಾಲು ಮಣ್ಣು, ಒಂದು ಪಾಲು ಪರ್ಲೈಟ್ ಎಂಬ ಹಗುರವಾದ ಬಿಳಿ ಖನಿಜದ ಹರಳು. ಬರೀ ಕೊಕೊಪೀಟ್ ಹಾಕಿದರೆ ಇನ್ನೂ ಹಗುರ ನಿಜ, ಆದರೆ ಅದು ಒಮ್ಮೆ ಪೂರ್ತಿ ಒಣಗಿತೆಂದರೆ ಮತ್ತೆ ಸುಲಭವಾಗಿ ನೀರು ಹಿಡಿಯುವುದಿಲ್ಲ. ಮೇಲಿಂದ ಸುರಿದ ನೀರು ಅಂಚಿನ ಸಂದಿಯಲ್ಲಿ ಜಾರಿ ಕೆಳಗೆ ಬೀಳುತ್ತದೆ, ನೋಡುವವರಿಗೆ ಕುಂಡ ತಣಿಯಿತು ಎಂಬ ಭ್ರಮೆ. ಹಾಗಾದಾಗ ಕುಂಡವನ್ನು ಇಳಿಸಿ ಬಕೆಟ್ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಅದ್ದಿಡುವುದೇ ಉಪಾಯ. ನರ್ಸರಿಯಿಂದ ತಂದ ಗಿಡದ ಬುಡದಲ್ಲಿ ಕೆಂಪುಮಣ್ಣಿನ ಗಟ್ಟಿ ಹೆಂಟೆ ಇರುತ್ತದೆ. ಅದನ್ನು ಹಾಗೆಯೇ ಕೊಕೊಪೀಟ್ ನಡುವೆ ಕೂಡಿಸಿದರೆ ಸುತ್ತಲಿನ ಸಡಿಲ ಮಿಶ್ರಣ ಒದ್ದೆಯಾಗಿ, ಬೇರುಗಳಿರುವ ಹೆಂಟೆ ಒಣಗಿಯೇ ಉಳಿಯುತ್ತದೆ. ಆ ಮನೆಯ ಒಣಗಿದ ಪೆಟೂನಿಯಾವೊಂದನ್ನು ಕಿತ್ತು ನೋಡಿದಾಗ ಒಳಗೆ ಮುಷ್ಟಿ ಗಾತ್ರದ ಹೆಂಟೆ ಇಟ್ಟಿಗೆಯಂತೆ ಗಟ್ಟಿಯಾಗಿತ್ತು, ಒಂದೇ ಒಂದು ಬೇರೂ ಅದರಿಂದ ಹೊರಗೆ ಹೊರಟಿರಲಿಲ್ಲ. ನೆಡುವ ಮುನ್ನ ಹೆಂಟೆಯನ್ನು ನೀರಿನಲ್ಲಿ ನೆನೆಸಿ, ಹೊರಗಿನ ಮಣ್ಣನ್ನು ಬೆರಳಿನಿಂದ ಸಡಿಲಿಸುವುದಕ್ಕೆ ಐದು ನಿಮಿಷ ಸಾಕು.

ಗಿಡಗಳ ಆಯ್ಕೆ

ಪಶ್ಚಿಮದ ಅಂಚಿನ ಮೂರು ಕೊಕ್ಕೆಗಳು ಅತ್ಯಂತ ಕಠಿಣ ಜಾಗವಾದ್ದರಿಂದ ಅಲ್ಲಿಂದಲೇ ಆರಂಭಿಸಿದೆವು. ಮೊದಲ ಆಯ್ಕೆ ಟೇಬಲ್ ರೋಸ್, ಅಂದರೆ ಪೋರ್ಟುಲಾಕಾ. ಅದರ ದಪ್ಪ ಎಲೆ ಮತ್ತು ಕಾಂಡಗಳಲ್ಲಿ ನೀರು ಸಂಗ್ರಹವಿರುತ್ತದೆ. ಹೂ ಅರಳುವುದೇ ಬಿಸಿಲು ಏರಿದ ಮೇಲೆ. ಬೇರೆ ಗಿಡಗಳು ತಲೆಬಾಗಿಸುವ ಏಪ್ರಿಲ್ ಮಧ್ಯಾಹ್ನವೇ ಅದರ ಹಬ್ಬ. ಬೇರು ಮೇಲುಮೇಲಕ್ಕೇ ಹರಡುವುದರಿಂದ ಆಳವಿಲ್ಲದ ಬುಟ್ಟಿ ಸಾಲುತ್ತದೆ, ಭಾರವೂ ಕಡಿಮೆ. ಒಂದು ಕಡ್ಡಿ ಮುರಿದು ಚುಚ್ಚಿದರೆ ವಾರ ಹತ್ತು ದಿನದಲ್ಲಿ ಬೇರು ಬಿಡುತ್ತದೆ. ಹೀಗಾಗಿ ಹೊಸದಾಗಿ ಕೊಳ್ಳುವ ಅಗತ್ಯವೂ ಇರಲಿಲ್ಲ, ನೆರೆಮನೆಯಿಂದ ಮೂರು ಬಣ್ಣದ ಕಡ್ಡಿಗಳು ಬಂದವು. ಎರಡನೆಯದು ಇಳಿಬೀಳುವ ನೇರಳೆ ಲಂಟಾನ. ಲಂಟಾನ ಎಂದ ಕೂಡಲೇ ಅತ್ತೆಯವರು ಹುಬ್ಬು ಗಂಟಿಕ್ಕಿದರು. ಕಾಡು ನುಂಗಿದ ಗಿಡವನ್ನು ಮನೆಗೇಕೆ ತರುವುದೆಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಾಡುಗಳನ್ನು ಆಕ್ರಮಿಸಿರುವುದು ಮುಳ್ಳಿನ ಪೊದೆಯ ಲಂಟಾನ ಕಮಾರಾ, ಇದು ನೆಲದ ಮೇಲೆ ಹಬ್ಬುವ ಬೇರೆ ಪ್ರಭೇದವಾದ ಲಂಟಾನ ಮೊಂಟೆವಿಡೆನ್ಸಿಸ್. ಆದರೂ ಕತ್ತರಿಸಿದ ಕಡ್ಡಿಗಳನ್ನು ಎಲ್ಲೆಂದರಲ್ಲಿ ಎಸೆಯಬಾರದೆಂಬ ಷರತ್ತಿನೊಂದಿಗೆ ಒಂದು ಕುಂಡಕ್ಕೆ ಅವರು ಒಪ್ಪಿದರು.

ಅವರ ಆಕ್ಷೇಪ ಇನ್ನೊಂದು ವಿಷಯದಲ್ಲಿ ನಿಜವಾಗಿ ಉಪಯೋಗಕ್ಕೆ ಬಂತು. ಸೋಲಾಪುರ ರಸ್ತೆಯ ನರ್ಸರಿಯೊಂದರಲ್ಲಿ ಹಳದಿ ಹೂವಿನ ವೆಡೇಲಿಯಾವನ್ನು ಬಿಸಿಲಿಗೆ ಜಗ್ಗದ ಗಿಡವೆಂದು ತೋರಿಸಿ, ಬಹಳ ಅಗ್ಗಕ್ಕೆ ಕೊಡಲು ಮುಂದಾದರು. ಬಿಸಿಲಿಗೆ ಜಗ್ಗದು ಎಂಬುದು ಸುಳ್ಳಲ್ಲ. ಆದರೆ ವೆಡೇಲಿಯಾ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಗಿಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ತೂಗುಕುಂಡದಿಂದ ಮುರಿದು ಬಿದ್ದ ತುಂಡು ಮಳೆನೀರಿನ ಜೊತೆ ಚರಂಡಿ ಸೇರಿ, ಅಲ್ಲಿಂದ ಹಳ್ಳದ ದಂಡೆ ಹಿಡಿಯುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಅದನ್ನು ಬಿಟ್ಟು ಮೂರನೆಯ ಕೊಕ್ಕೆಗೆ ಕೆಂಪು ಕೊಳವೆ ಹೂವಿನ ರಸೆಲಿಯಾ ಆರಿಸಿದೆವು. ಮೆಕ್ಸಿಕೋ ಮೂಲದ ಈ ಗಿಡಕ್ಕೆ ಎಲೆಯೆನ್ನುವುದು ಹೆಸರಿಗಷ್ಟೇ, ಹಸಿರು ಕಡ್ಡಿಗಳೇ ಎಲೆಯ ಕೆಲಸ ಮಾಡುವುದರಿಂದ ಒಣಗಾಳಿಯಲ್ಲಿ ಅದು ನೀರು ಕಳೆದುಕೊಳ್ಳುವುದು ಕಡಿಮೆ. ಅದರ ಹೂವಿಗೆ ಸೂರಕ್ಕಿಗಳು ಬರುತ್ತವೆ.

ತಗಡಿನ ಕೆಳಗೆ, ಗೋಡೆಯ ಹತ್ತಿರದ ಎರಡು ಕೊಕ್ಕೆಗಳಿಗೆ ನೇರ ಬಿಸಿಲು ಇಳಿಹೊತ್ತಿನಲ್ಲಿ ಸ್ವಲ್ಪ ಮಾತ್ರ, ಬೆಳಕು ಧಾರಾಳ. ಸರಪಳಿಯನ್ನು ಉದ್ದ ಮಾಡಿ ಕುಂಡಗಳನ್ನು ತಗಡಿನಿಂದ ಮೂರು ಅಡಿ ಕೆಳಗಿಳಿಸಿದೆವು. ಸೊಸೆಗೆ ಅಲ್ಲಿ ಮನಿ ಪ್ಲಾಂಟ್ ಬೇಕಿತ್ತು. ಗಿಡವಾಗಿ ಅದು ಅಲ್ಲಿಗೆ ಒಗ್ಗುತ್ತಿತ್ತು, ಆದರೆ ಅದರ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ಅಗಿದರೆ ಬಾಯಿ ಗಂಟಲು ಉರಿದು ಬಾವು ಬರುತ್ತದೆ. ಕೈಗೆಟಕುವಂತೆ ಇಳಿಬೀಳುವ ಬಳ್ಳಿ, ಎಲ್ಲವನ್ನೂ ಬಾಯಿಗಿಡುವ ಮಗು, ಹಸಿರು ಕಂಡರೆ ಕಚ್ಚುವ ಬೆಕ್ಕು, ಮೂರೂ ಒಟ್ಟಿಗಿರುವ ಮನೆಯಲ್ಲಿ ಅದನ್ನು ಇಡಲು ನಾನು ಒಪ್ಪಲಿಲ್ಲ. ಬದಲಿಗೆ ಬಂದದ್ದು ಸ್ಪೈಡರ್ ಪ್ಲಾಂಟ್. ಬೆಕ್ಕು ಅದನ್ನು ಇಷ್ಟಪಟ್ಟು ಕಡಿಯುತ್ತದೆ, ಅದರಿಂದ ಬೆಕ್ಕಿಗೆ ವಿಷವಾಗುವುದಿಲ್ಲ. ಬೇರುಗಳು ಮೂಲಂಗಿಯ ಮರಿಗಳಂತೆ ದಪ್ಪವಾಗಿ ನೀರು ಹಿಡಿದಿಡುವುದರಿಂದ, ಊರಿಗೆ ಹೋಗಿ ಎರಡು ದಿನ ನೀರು ತಪ್ಪಿದರೂ ಚೇತರಿಸಿಕೊಳ್ಳುತ್ತದೆ. ಪಕ್ಕದ ಕೊಕ್ಕೆಗೆ ಟರ್ಟಲ್ ವೈನ್ ಬಂತು. ಪುಣೆಯ ನರ್ಸರಿಗಳಲ್ಲಿ ಈಗ ಎಲ್ಲೆಲ್ಲೂ ಕಾಣುವ, ಸಣ್ಣ ಎಲೆಗಳ ಪರದೆಯಂತೆ ಬುಟ್ಟಿಯನ್ನೇ ಮುಚ್ಚುವ ಬಳ್ಳಿ ಅದು.

ಹಿತ್ತಲಿನ ದಕ್ಷಿಣ ತುದಿಯಲ್ಲಿ ಪಾತ್ರೆ ತೊಳೆಯುವ ಕಟ್ಟೆಯಿದೆ. ಪಕ್ಕದ ಗೋಡೆಯ ನೆರಳು, ಸದಾ ತೇವ, ಕೈಯಳತೆಯಲ್ಲಿ ನಲ್ಲಿ. ಅತ್ತೆಯವರ ಕಣ್ಣು ಮೊದಲಿನಿಂದಲೂ ಈ ಮೂಲೆಯ ಮೇಲಿತ್ತು. ಅವರಿಗೆ ಬೇಕಾದದ್ದು ಒಂದೆಲಗ ಮತ್ತು ದೊಡ್ಡಪತ್ರೆ, ಎರಡೂ ತಂಬುಳಿಗೆ ಒದಗುವಂಥವು, ಎರಡೂ ಒಂದೇ ಬುಟ್ಟಿಯಲ್ಲಿ. ಒಂದೇ ಬುಟ್ಟಿಯ ಮಾತಿಗೆ ನಾನು ಒಪ್ಪದಿದ್ದುದಕ್ಕೆ ಕಾರಣವಿದೆ. ಒಂದೆಲಗ ಗದ್ದೆಯ ಬದುವಿನ, ಕಾಲುವೆಯ ಪಕ್ಕದ ಗಿಡ, ಒಂದು ಹೊತ್ತು ನೀರು ತಪ್ಪಿದರೂ ತಲೆಬಾಗಿಸುತ್ತದೆ. ದೊಡ್ಡಪತ್ರೆಯ ಎಲೆ ಕಾಂಡಗಳು ರಸಭರಿತ, ಬೇರು ಒದ್ದೆಯಲ್ಲೇ ನಿಂತರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಒಂದೇ ಬುಟ್ಟಿಯಲ್ಲಿ ಕೂಡಿಸುವಾಗ ಎಲೆಯ ಬಣ್ಣ ಆಕಾರ ಹೊಂದುವುದಕ್ಕಿಂತ ನೀರಿನ ಅಗತ್ಯ ಹೊಂದುವುದು ಮುಖ್ಯ. ಕೊನೆಗೆ ಒಂದೆಲಗ ಕಟ್ಟೆಯ ಮೇಲೆ, ತಳದಲ್ಲಿ ತಟ್ಟೆ ಕೂಡಿಕೊಂಡಿರುವ ಅಗಲವಾದ ಪ್ಲಾಸ್ಟಿಕ್ ಕುಂಡದಲ್ಲಿ ನೆಲೆಯಾಯಿತು. ದೊಡ್ಡಪತ್ರೆ ಉತ್ತರದ ಓಣಿಯ ಬಾಯಿಗೆ ಹೋಯಿತು. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಈಶಾನ್ಯದ ಕಡೆಯಿಂದ ಏರುವಾಗ ಆ ಓಣಿಯಗುಂಟ ಎಳೆಬಿಸಿಲು ಒಳಬರುತ್ತದೆ. ಅದೇ ಓಣಿ ಮುಂಗಾರಿನ ಗಾಳಿಗೂ ದಾರಿಯಾದ್ದರಿಂದ ಕುಂಡವನ್ನು ಗೋಡೆಗೆ ಇನ್ನೊಂದು ಸರಪಳಿಯಿಂದ ಬಿಗಿದೆವು.

ಫರ್ನ್ ವಿಷಯದಲ್ಲಿ ಮಾತ್ರ ಸೊಸೆ ನನ್ನ ಸಲಹೆಯನ್ನು ಪೂರ್ತಿ ಒಪ್ಪಲಿಲ್ಲ. ಹೋದ ಎರಡರಲ್ಲಿ ಒಂದರ ಬುಡದಲ್ಲಿ ಹಸಿರು ಮೊಳಕೆ ಇನ್ನೂ ಇತ್ತು, ಅದನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಕಟ್ಟೆಯ ಪಕ್ಕದಲ್ಲಿ, ಒಂದೆಲಗದ ಹಿಂದೆ ಅದಕ್ಕೆ ಜಾಗ ಮಾಡಿದೆವು. ಮಾರ್ಚ್ ಬಂದೊಡನೆ ಕೆಳಗಿಳಿಸಿ ಕಟ್ಟೆಯ ಮೇಲೇ ಇಡಬೇಕೆಂದು ಗೊತ್ತುಮಾಡಿದೆವು.

ಪೆಟೂನಿಯಾವನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳಲಿಲ್ಲ. ಪುಣೆಯ ಚಳಿಗಾಲದಷ್ಟು ಅದಕ್ಕೆ ಒಗ್ಗುವ ಹವೆ ಕರಾವಳಿಯಲ್ಲಿ ಸಿಗುವುದಿಲ್ಲ. ರಾತ್ರಿ ಹನ್ನೆರಡು ಡಿಗ್ರಿಯ ಆಸುಪಾಸಿಗೆ ಇಳಿಯುವ ಚಳಿ, ಒಣಹವೆ, ಮಧ್ಯಾಹ್ನದ ಹದವಾದ ಬಿಸಿಲು. ಅದು ಋತುವಿನ ಗಿಡ ಎಂಬುದನ್ನು ನೆನಪಿಟ್ಟು, ನವೆಂಬರಿನಲ್ಲಿ ಹಚ್ಚಿ ಮಾರ್ಚಿನಲ್ಲಿ ತೆಗೆಯಲು ಸಿದ್ಧರಿದ್ದರೆ ಸಾಕು. ಅದಕ್ಕೆಂದು ಒಂದು ಕೊಕ್ಕೆಯನ್ನು ಖಾಲಿ ಬಿಟ್ಟೆವು.

ನಂತರದ ವರ್ಷ

ಹೊಸ ಕುಂಡಗಳು ತೂಗಿದ್ದು ಅಕ್ಟೋಬರಿನಲ್ಲಿ, ಮಳೆ ಹಿಂದೆ ಸರಿದ ಮೇಲೆ. ಬೇಸಿಗೆಗೆ ಮುನ್ನ ಬೇರು ಹರಡಲು ನಾಲ್ಕೈದು ತಿಂಗಳು ಸಿಗಲಿ ಎಂಬುದು ಉದ್ದೇಶ. ಪಶ್ಚಿಮದ ಬುಟ್ಟಿಗಳ ನಾರಿನ ಹಾಸಿನ ಒಳಗೆ, ತಳದಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹಾಸಿದ್ದೆವು. ಈ ಒಂದು ಬದಲಾವಣೆಯಿಂದ ಮೇ ತಿಂಗಳಲ್ಲಿ ದಿನಕ್ಕೆರಡು ಸಲ ಬೇಕಾಗಿದ್ದ ನೀರು ಬೆಳಗಿನ ಒಂದೇ ಸಲಕ್ಕೆ ಇಳಿಯಿತು. ಖಡಕವಾಸಲಾ ಅಣೆಕಟ್ಟಿನ ನೀರು ತಗ್ಗಿ ನಗರದಲ್ಲಿ ನೀರು ಬಿಗಿಯಾಗುವ ದಿನಗಳಲ್ಲಿ ಇದು ಸಣ್ಣ ಉಳಿತಾಯವಲ್ಲ. ನೀರು ಬೇಕೋ ಬೇಡವೋ ಎಂದು ತಿಳಿಯಲು ಮೇಲ್ಮಣ್ಣು ಮುಟ್ಟಿ ನೋಡುವುದಕ್ಕಿಂತ, ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟು ಸ್ವಲ್ಪ ಮೇಲೆತ್ತಿ ನೋಡುವುದನ್ನು ಮನೆಯವರಿಗೆ ರೂಢಿ ಮಾಡಿಸಿದೆ. ನೆನೆದ ಕುಂಡ ಕೈಗೆ ಭಾರ ಕೊಡುತ್ತದೆ, ಆರಿದ್ದು ಹಗುರವಾಗಿ ಮೇಲೆದ್ದು ಬಿಡುತ್ತದೆ. ವಾರದೊಳಗೆ ಎತ್ತರಕ್ಕೆ ಕೈ ನಿಲುಕುವ ಎಲ್ಲರಿಗೂ ಆ ಅಂದಾಜು ಕೈಗೆ ಹತ್ತಿತು.

ಟೇಬಲ್ ರೋಸ್ ಮಾರ್ಚಿನಿಂದ ಜೂನ್‌ವರೆಗೆ ಬುಟ್ಟಿ ತುಂಬ ಹೂ ಕೊಟ್ಟಿತು. ಮಿರಗ (ಮೃಗಶಿರಾ ಮಳೆ) ಕೂಡಿ ಮೋಡ ಕವಿದ ಮೇಲೆ ಹೂ ಕಡಿಮೆಯಾಗಿ ಕಾಂಡಗಳು ಸೊರಗಿ ಉದ್ದವಾದವು. ಅದು ನಿರೀಕ್ಷಿತವೇ ಆಗಿದ್ದರಿಂದ ಅರ್ಧಕ್ಕೆ ಚಿವುಟಿ, ಹನಿ ಬೀಳದಂತೆ ಗೋಡೆಯ ಕಡೆಗೆ ಸರಿಸಿದರು. ಲಂಟಾನ ಬೇಸಿಗೆಯನ್ನು ಲೆಕ್ಕಿಸಲಿಲ್ಲ. ಏಪ್ರಿಲಿನಲ್ಲಿ ಬಿಳಿನೊಣ ಕೂತಾಗ ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿದ್ದು ಸಾಕಾಯಿತು. ಮೇ ತಿಂಗಳಲ್ಲಿ ಅದೇ ಬುಟ್ಟಿಯಲ್ಲಿ ಪಿಕಳಾರ ಗೂಡು ಕಟ್ಟಿ ಮೊಟ್ಟೆಯಿಟ್ಟಿತು. ಅದು ಮರಿ ಮಾಡಿ ಹಾರಿಹೋಗುವವರೆಗೆ ಬುಟ್ಟಿಯನ್ನು ಎತ್ತುವುದನ್ನು ನಿಲ್ಲಿಸಿ, ಅಂಚಿನಿಂದ ಸಣ್ಣ ಧಾರೆಯಲ್ಲಿ ನೀರು ಕೊಟ್ಟರು. ಮೊಮ್ಮಗಳಿಗೆ ಆ ಹಿತ್ತಲು ತನ್ನದೆನಿಸಿದ್ದು ಆ ತಿಂಗಳಲ್ಲೇ ಎಂದು ನನಗನಿಸುತ್ತದೆ. ರಸೆಲಿಯಾ ಮೊದಲ ಬೇಸಿಗೆಯಲ್ಲಿ ಹೂವಿಗಿಂತ ಬೆಳವಣಿಗೆಗೇ ಒತ್ತು ಕೊಟ್ಟಿತು, ಕಡ್ಡಿಗಳು ಮೂರು ಅಡಿ ಇಳಿದಿವೆ. ಅದಕ್ಕೆ ಬೇಗನೆ ಇನ್ನೂ ದೊಡ್ಡ ಬುಟ್ಟಿ ಬೇಕಾಗುತ್ತದೆ, ದೊಡ್ಡ ಬುಟ್ಟಿಯೆಂದರೆ ಭಾರ ಹೆಚ್ಚು, ಆಗ ಅದನ್ನು ಪೈಪಿನಿಂದ ತೊಲೆಯ ಕೊಕ್ಕೆಗೆ ಬದಲಿಸಬೇಕಾದೀತು.

ಸ್ಪೈಡರ್ ಪ್ಲಾಂಟ್‌ನ ಎಲೆತುದಿಗಳು ಬೇಸಿಗೆಯಲ್ಲಿ ಕಂದಿದವು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪದರ ಕಾಣಿಸಿದ್ದರಿಂದ ಬೋರ್‌ವೆಲ್ಲಿನ ಗಡಸು ನೀರೇ ಕಾರಣವೆಂದು ಊಹಿಸಿ ನಲ್ಲಿಯ ನೀರಿಗೆ ಬದಲಾಯಿಸಿದರು. ಮಳೆಗಾಲದಲ್ಲಿ ಒಂದೆರಡು ದಿನ ಬಯಲಿಗೆ ಇಟ್ಟು ಉಪ್ಪು ತೊಳೆಯಲು ಬಿಟ್ಟ ಮೇಲೆ ಬಂದ ಹೊಸ ಎಲೆಗಳು ಚೊಕ್ಕವಾಗಿವೆ. ಟರ್ಟಲ್ ವೈನ್ ಬುಟ್ಟಿಯನ್ನು ಸುತ್ತಲೂ ಮುಚ್ಚಿತು, ಆದರೆ ಆಗಸ್ಟಿನಲ್ಲಿ ನಡುವೆ ಬೋಳಾಯಿತು. ದಟ್ಟವಾಗಿ ಬೆಳೆದ ಬಳ್ಳಿಯ ಒಳಗೆ ಗಾಳಿಯಾಡದೆ ಕೊಳೆಯುವುದು ಈ ಗಿಡದ ಸ್ವಭಾವ. ಇಳಿಬಿದ್ದ ತುದಿಗಳನ್ನು ಕತ್ತರಿಸಿ ಅದೇ ಬುಟ್ಟಿಯ ನಡುವೆ ಚುಚ್ಚಿದರು.

ಒಂದೆಲಗದ ಯಶಸ್ಸು ನಿರೀಕ್ಷೆಗೂ ಮೀರಿತು. ಪಾತ್ರೆ ತೊಳೆಯುವ ಮುನ್ನ ಅಕ್ಕಿ ತೊಳೆದ ನೀರು ಅದಕ್ಕೆ ಹೋಗುತ್ತದೆ, ಅತ್ತೆಯವರು ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಕೊಯ್ಯುತ್ತಾರೆ. ಅದರ ತಟ್ಟೆಯ ಬಗ್ಗೆ ಮಾತ್ರ ಎಚ್ಚರ ಬೇಕಾಯಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಸಣ್ಣ ತಟ್ಟೆಯ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಭಾನುವಾರ ತಟ್ಟೆ ಚೆಲ್ಲಿ, ಉಜ್ಜಿ ತೊಳೆಯುವುದನ್ನು ಮಗ ವಹಿಸಿಕೊಂಡರು. ಮೊಟ್ಟೆಗಳು ತಟ್ಟೆಯ ಗೋಡೆಗೆ ಅಂಟಿಕೊಂಡಿರುವುದರಿಂದ ಬರೀ ನೀರು ಚೆಲ್ಲಿದರೆ ಸಾಲದು. ದೊಡ್ಡಪತ್ರೆಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅದು ಚೆನ್ನಾಗಿದೆ.

ಫರ್ನ್ ಉಳಿಯಲಿಲ್ಲ. ಮಾರ್ಚಿನಲ್ಲಿ ಕೆಳಗಿಳಿಸಿದರು, ದಿನವೂ ನೀರು ಚಿಮುಕಿಸಿದರು, ಒಂದೆಲಗದ ತಂಪು ಪಕ್ಕದಲ್ಲೇ ಇತ್ತು. ಆದರೂ ಏಪ್ರಿಲ್ ಕೊನೆಯ ಒಣಗಾಳಿಗೆ ಹೊಸ ಎಲೆಗಳು ಬಿಚ್ಚಿಕೊಳ್ಳುವ ಮೊದಲೇ ಸುರುಟಿದವು. ಎಲೆಯ ಮೇಲೆ ನೀರು ಚಿಮುಕಿಸುವುದರಿಂದ ಸುತ್ತಲಿನ ತೇವ ಹೆಚ್ಚುವುದು ಕೆಲವೇ ನಿಮಿಷ, ಶೇಕಡಾ 20ರ ಗಾಳಿ ಅದನ್ನು ಕ್ಷಣದಲ್ಲಿ ಹೀರಿಬಿಡುತ್ತದೆ. ಈ ಹಿತ್ತಲಿನಲ್ಲಿ ಬಾಸ್ಟನ್ ಫರ್ನ್ ಬದುಕಬೇಕಾದರೆ ಗಾಜಿನ ಮರೆಯೋ ಒಳಮನೆಯ ಬಚ್ಚಲ ಕಿಟಕಿಯೋ ಬೇಕು. ಆ ಕೊಕ್ಕೆಗೆ ಈಗ ಹೋಯಾ ತರುವ ಮಾತಿದೆ. ಮರಗಳ ಮೇಲೆ ಬೆಳೆಯುವ ಬಳ್ಳಿಯಾದ್ದರಿಂದ ಅದಕ್ಕೆ ಮಣ್ಣು ಕಡಿಮೆ ಸಾಕು, ದಪ್ಪ ಎಲೆ ಒಣಹವೆಯನ್ನು ತಡೆಯುತ್ತದೆ, ನೆರಳಿನ ಬೆಳಕಿಗೂ ಒಗ್ಗುತ್ತದೆ. ಬೆಳವಣಿಗೆ ಬಹಳ ನಿಧಾನ, ಮೊದಲ ವರ್ಷ ಬುಟ್ಟಿ ಬರಿದಾಗಿಯೇ ಕಾಣುತ್ತದೆ ಎಂಬುದನ್ನು ಸೊಸೆಗೆ ಮೊದಲೇ ಹೇಳಿದ್ದೇನೆ.

ಖಾಲಿ ಬಿಟ್ಟ ಕೊಕ್ಕೆಗೆ ನವೆಂಬರಿನಲ್ಲಿ ಬಂದ ಪೆಟೂನಿಯಾ ಮಾರ್ಚ್ ಎರಡನೆಯ ವಾರದವರೆಗೆ ಚೆನ್ನಾಗಿ ಹೂ ಬಿಟ್ಟಿತು. ಹದಿನೈದು ದಿನಕ್ಕೊಮ್ಮೆ ಲೀಟರಿಗೆ ಒಂದು ಗ್ರಾಮಿನಂತೆ, ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಕರಗಿಸಿ ಹಾಕಿದ್ದರು, ಏಕೆಂದರೆ ದಿನನಿತ್ಯದ ನೀರು ತೂಗುಕುಂಡದ ಸಾರವನ್ನೆಲ್ಲ ತೊಳೆದುಬಿಡುತ್ತದೆ. ಗಿಡ ಹಳದಿಯಾಗತೊಡಗಿದಾಗ ಸೊಸೆ ತಡಮಾಡದೆ ಕಿತ್ತು ಕಾಂಪೋಸ್ಟ್ ಡಬ್ಬಕ್ಕೆ ಹಾಕಿದರು, ಬುಟ್ಟಿಯ ಮಿಶ್ರಣಕ್ಕೆ ಹೊಸ ಎರೆಗೊಬ್ಬರ ಸೇರಿಸಿ ಟೇಬಲ್ ರೋಸ್ ಕಡ್ಡಿ ಚುಚ್ಚಿದರು. ಮಳೆಗಾಲಕ್ಕೆ ಅದೇ ಕೊಕ್ಕೆಯಲ್ಲಿ ಟೊರೇನಿಯಾ ಹಾಕಿ ನೋಡುವ ಯೋಚನೆ ಅವರದು. ಮೋಡದ ಬೆಳಕಿನಲ್ಲೂ ಹೂ ಬಿಡುವ ಗಿಡ ಅದು, ಆದರೆ ತಗಡಿನ ಹನಿ ನೇರವಾಗಿ ಬೀಳದಂತೆ ಅಂಚಿಗೆ ಮೊದಲು ಒಂದು ದೋಣಿ ಪೈಪ್ ಹಾಕಿಸಬೇಕು. ಅದರ ಅಂದಾಜು ಖರ್ಚನ್ನು ಫ್ಯಾಬ್ರಿಕೇಶನ್‌ನವರಿಂದ ತರಿಸಿ ಸೊಸೈಟಿಯ ಕಮಿಟಿಗೆ ಕೊಟ್ಟಾಗಿದೆ.